ಇನ್ನೂರ ಹನ್ನೆರಡನೇ ನಂಬರಿನ ಕೆಳದವಡೆ

ನನ್ನ ಕೆಲಸ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಅವರು ಮುಂದೆ ಕೂತು ಜನರ ಬಾಯಿ ನೋಡುತ್ತಾರೆ. ನಾನು ಹಿಂದೆ ಕೂತು ಆ ಬಾಯಿಗಳ ಪ್ಲಾಸ್ಟರ್ ಅಚ್ಚು ಎರೆದು, ಅದರ ಮೇಲೆ ಕಟ್ಟುಹಲ್ಲು, ಕ್ಯಾಪು, ಗಾರ್ಡು ಎಲ್ಲ ಮಾಡುತ್ತೇನೆ. ಅಚ್ಚಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಹೆಸರು ನನಗೆ ಬೇಕಾಗಿಯೂ ಇಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ ಹಲ್ಲು ನೋಡಿದರೆ ಸಾಕು, ಮನೆಯ ಸಮಾಚಾರವೆಲ್ಲ ತಿಳಿಯುತ್ತದೆ ಎಂಬ ಜಂಬ ನನ್ನದು. ಇದು ದಾರ ಕಚ್ಚುವ ದರ್ಜಿ, ಇದು ಪೆನ್ಸಿಲ್ ಕಡಿಯುವ ಲೆಕ್ಕದ ಮೇಷ್ಟ್ರು, ಇದು ಮೇಲಧಿಕಾರಿಯ ಕಾಟಕ್ಕೆ ಹಲ್ಲು ಕಚ್ಚುವ ಗುಮಾಸ್ತ.

ಆ ಸೋಮವಾರ ಬಂದದ್ದು ಇನ್ನೂರ ಹನ್ನೆರಡು. ಕೆಳದವಡೆ ಮಾತ್ರ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ದವಡೆ ಹಲ್ಲುಗಳೆಲ್ಲ ಉಜ್ಜಿ ಉಜ್ಜಿ ಸಪಾಟಾಗಿದ್ದವು. ಬಲಗಡೆಯ ಒಂದು ಹಲ್ಲು ಬಿರುಕು ಬಿಟ್ಟಿದೆಯೆಂದು ಡಾಕ್ಟರಮ್ಮ ಅಚ್ಚಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದರು.

"ಹಗಲು ಹೊತ್ತು, ಕೆಲಸದಲ್ಲೇ ಕಚ್ಚೋ ಅಭ್ಯಾಸ," ಎಂದರು. "ಹೀಗೇ ಒಂದು ತಿಂಗಳು ಕಚ್ಚಿದ್ರೆ ಬಿರುಕು ಬೇರಿಗೆ ಇಳಿಯುತ್ತೆ, ಆಮೇಲೆ ಕೀಳೋದೇ. ಹಲ್ಲಿನ ಮೇಲೆ ಕೂರೋ ಹಾಗೆ ತೆಳ್ಳಗೆ ಒಂದು ಗಾರ್ಡ್ ಮಾಡಿಕೊಡಿ."

"ಯಾರೋ ಇವರ ಪ್ರಾಣ ಹಿಂಡ್ತಾ ಇದಾರೆ ಡಾಕ್ಟರಮ್ಮ. ಆ ಪುಣ್ಯಾತ್ಮರು ನನ್ನ ಕೈಗೆ ಸಿಕ್ಕಿದ್ರೆ ಚೆನ್ನಾಗಿ ಉಗೀತಿದ್ದೆ."

ಡಾಕ್ಟರಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕೆಮ್ಮುತ್ತಲೇ ಹೊರಗೆ ಹೋದರು.

ಪ್ರತಿ ಗಾರ್ಡಿನ ಡಬ್ಬಿಯಲ್ಲೂ ನನ್ನ ಕೈಬರಹದ ಒಂದು ಚೀಟಿ ಇರುತ್ತದೆ. 'ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಗಾರ್ಡನ್ನು ದಿನಾ ತೊಳೆಯಿರಿ.' ಅಷ್ಟೇ. ಈ ಸಲ ಮಾತ್ರ ಕೈ ಸುಮ್ಮನಿರಲಿಲ್ಲ. ಕೆಳಗೆ ಇನ್ನಷ್ಟು ಗೀಚಿದೆ: 'ನಿಮಗೆ ಕಾಟ ಕೊಡುವವರು ಯಾರೋ, ಅವರ ಮುಖಕ್ಕೇ ಹೇಳಿಬಿಡಿ. ಪಾಪ, ಹಲ್ಲಿಗೆ ಯಾಕೆ ಶಿಕ್ಷೆ? ಹೇಳಿದ್ದಕ್ಕೆ ಸಿಟ್ಟಾದರೆ ಅವರ ಯೋಗ್ಯತೆಯೇ ಅಷ್ಟು ಅಂದುಕೊಳ್ಳಿ.' ಯಾರಿಗೋ ಉಪಕಾರ ಮಾಡಿದ ಸಂತೋಷದಲ್ಲಿ ಡಬ್ಬಿ ಮುಚ್ಚಿದೆ.

ಇನ್ನು ನಮ್ಮ ಯಜಮಾನರ ವಿಷಯ. ಅವರು ಡ್ರೈವಿಂಗ್ ಮೇಷ್ಟ್ರು. ಬೇರೆ ಶಿಷ್ಯರ ಪಕ್ಕ ಕೂತರೆ "ಕ್ಲಚ್ಚು! ಕ್ಲಚ್ಚು!" ಎಂದು ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ ಕೂಗುತ್ತಾರೆ. ನನ್ನ ಪಕ್ಕ ಕೂತಾಗ ಮಾತ್ರ ಬೆಣ್ಣೆ. ಅದಕ್ಕೆ ಕಾರಣವೂ ನಾನೇ. ಕಲಿಯಲು ಶುರು ಮಾಡಿದ ಮೊದಲ ವಾರ, ನಾನು ಸ್ಟೇರಿಂಗನ್ನು ಪಾತ್ರೆ ತಿಕ್ಕಿದ ಹಾಗೆ ತಿರುಗಿಸುತ್ತೇನೆ ಎಂದಿದ್ದರು. ನಾಲ್ಕು ದಿನ ಮಾತು ಬಿಟ್ಟೆ. ಐದನೇ ದಿನದಿಂದ ಅವರ ಬಾಯಲ್ಲಿ ಒಂದೇ ಮಾತು: "ಚೆನ್ನಾಗೇ ಓಡಿಸ್ತಿದೀಯ." ಇಷ್ಟು ಚೆನ್ನಾಗಿ ಓಡಿಸಿಯೂ ನಾನು ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದೆ. ಮೂರು ಸಲವೂ ತಪ್ಪು ಇನ್ಸ್‌ಪೆಕ್ಟರದೇ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು.

ನಾಲ್ಕನೇ ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ, ಒಂದು ಸಂಜೆ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದ್ದೆ. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಗಾಜಿನ ಮೇಲಿನ ಬಿಸಿಲುತಡೆಯನ್ನು ಕೆಳಗೆ ಎಳೆದೆ. ಅದರ ಹಿಂದೆ ಸಿಕ್ಕಿಸಿದ್ದ ಮಡಿಸಿದ ಕಾಗದ ಮಡಿಲಿಗೆ ಬಿತ್ತು. ಬಿಚ್ಚಿದರೆ ನನ್ನದೇ ಅಕ್ಷರ.

"ಅಯ್ಯೋ, ಇನ್ನೂರ ಹನ್ನೆರಡು ನಿಮ್ಮ ಶಿಷ್ಯರಾ? ಯಾರು ಪಾಪ ಅದು?" ಎನ್ನುತ್ತ ಪಕ್ಕಕ್ಕೆ ತಿರುಗಿದೆ.

ಯಜಮಾನರು ಬಾಗಿಲಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಕಿವಿಯ ಕೆಳಗೆ, ಕೆನ್ನೆಯೊಳಗೆ, ಹಲ್ಲು ಕಚ್ಚಿದಂತೆಲ್ಲ ಒಂದು ಗೋಲಿ ಏಳುತ್ತಿತ್ತು, ಇಳಿಯುತ್ತಿತ್ತು. ವಾರದಿಂದ ಇವರ ಮಾತು ತೊದಲುತ್ತಿರುವುದು ಬಾಯಿಹುಣ್ಣಿನಿಂದ ಎಂದುಕೊಂಡಿದ್ದೆ.

"ರೀ, ಬಾಯಿ ತೆಗೀರಿ."

"ಹಸಿರು ಬಂತು ಕಣೆ."

"ಬರಲಿ. ಬಾಯಿ ತೆಗೀರಿ."

ಹಿಂದೆ ಹಾರನ್ನುಗಳ ಮೆರವಣಿಗೆ. ಅವರು ಬಾಯಿ ತೆಗೆದರು. ನಾನೇ ಉಜ್ಜಿ ಹೊಳಪು ಕೊಟ್ಟಿದ್ದ ಗಾರ್ಡು ಕೆಳಸಾಲಿನಲ್ಲಿ ಮಿಂಚಿತು. ಇವರು ನಕ್ಕರೆ ಕಾಣುವುದು ಮೇಲಿನ ಸಾಲು ಮಾತ್ರ. ಊರಿನ ಹಲ್ಲೆಲ್ಲ ಓದಿದವಳು ಇಪ್ಪತ್ತು ವರ್ಷ ಜೊತೆಗಿದ್ದವರ ಕೆಳದುಟಿಯ ಹಿಂದೆ ಒಮ್ಮೆಯೂ ಇಣುಕಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಬಿರುಕು ನೆನಪಾಗಿ ಹೆದರಿಕೆಯಾಯಿತು.

ಮುಂದೆ ಹೋಗಿ ರಸ್ತೆಬದಿಗೆ ನಿಲ್ಲಿಸಿದೆ.

"ಡಾಕ್ಟರಮ್ಮನಿಗೂ ಗೊತ್ತಿತ್ತಾ?"

"ನಾನೇ ಹೇಳ್ಬೇಡಿ ಅಂದಿದ್ದೆ. ಚೀಟಿ ಓದಿ ಧೈರ್ಯವೇನೋ ಬಂತು. ಮನೆಗೆ ಬಂದು ನಿನ್ನ ಮುಖ ನೋಡಿದೆ, ಹೋಯ್ತು."

"ಈಗ ಹೇಳಿ. ನಾನು ಹೇಗೆ ಓಡಿಸ್ತೀನಿ?"

"ಮಾತು ಬಿಡಲ್ವಾ?"

"ಬಿಟ್ರೆ ನನ್ನ ಯೋಗ್ಯತೆಯೇ ಅಷ್ಟು. ಬರೆದು ಕೊಟ್ಟಿದೀನಲ್ಲ."

ಅವರು ಗಾರ್ಡು ತೆಗೆದು ಡಬ್ಬಿಯಲ್ಲಿಟ್ಟು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಶುರು ಮಾಡಿದರು. "ಕನ್ನಡಿ ಇರೋದು ಕೂದಲು ಸರಿ ಮಾಡ್ಕೊಳ್ಳೋಕಲ್ಲ! ಬಲಕ್ಕೆ ಸಿಗ್ನಲ್ ಹಾಕಿ ಎಡಕ್ಕೆ ಯಾರಾದ್ರೂ ತಿರುಗ್ತಾರಾ? ಇನ್ನೊಂದು ಕೇಳು. ಹೋದ ತಿಂಗಳು ಆ ಹಾಲಿನ ಗಾಡಿ ತಪ್ಪಿಸಿದ್ದು ನೀನಲ್ಲ, ನನ್ನ ಕಾಲ ಕೆಳಗಿರೋ ಎರಡನೇ ಬ್ರೇಕು!"

ಅರ್ಧ ಗಂಟೆ ಉಸಿರು ಬಿಡದೆ ಹೇಳಿದರು. ಹಾಲಿನ ಗಾಡಿಯ ಮಾತು ನನಗೆ ನಿಜವಾಗಿಯೂ ನೋವು ಕೊಟ್ಟಿತು, ನಾನೇ ತಪ್ಪಿಸಿದೆನೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ. ಕಣ್ಣು ತುಂಬಿ ಬಂತು. ಅವರು ಥಟ್ಟನೆ ನಿಲ್ಲಿಸಿ ನನ್ನ ಕೆನ್ನೆಯ ಕಡೆ ಬೆರಳು ತೋರಿಸಿದರು.

"ಹಲ್ಲಿಗೆ ಹಲ್ಲು ತಾಗಿಸ್ಬೇಡ," ಎಂದರು, ಥೇಟ್ ಮೇಷ್ಟ್ರ ದನಿಯಲ್ಲಿ. ಅಳುತ್ತಿದ್ದವಳಿಗೆ ನಗು ಬಂತು.

ಅಂದಿನಿಂದ ಹನ್ನೆರಡು ದಿನ ಅವರು ಬಾಯಿ ತುಂಬ ಬೈದರು, ನಾನು ಕಿವಿ ತುಂಬ ಕೇಳಿಸಿಕೊಂಡೆ. ಪಕ್ಕದ ಮನೆಯಾಕೆ ಸಂಧಾನಕ್ಕೆ ಬಂದು, ನಾವು ಊಟ ಮಾಡುತ್ತ ನಗುತ್ತಿರುವುದನ್ನು ಕಂಡು ಬೇಜಾರಿನಿಂದ ವಾಪಸು ಹೋದಳು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಆದರೆ ಕೆನ್ನೆ ಸುಮ್ಮನಿರಬೇಕಲ್ಲ! ನಾನು ತಿರುವಿಗೆ ಜೋರಾಗಿ ಹೋದೆ, ಗೋಲಿ ಎದ್ದಿತು. ಕಾಲು ಸಡಿಲಿಸಿದೆ, ಗೋಲಿ ಇಳಿಯಿತು. ಯಜಮಾನರ ಬೈಗುಳ ಒಂದು ಕಿವಿಯಲ್ಲಿ, ಇವರ ಕೆನ್ನೆ ಒಂದು ಓರೆಗಣ್ಣಿನಲ್ಲಿ. ಎರಡನ್ನೂ ನಂಬಿಕೊಂಡು ಇಡೀ ಸುತ್ತು ಮುಗಿಸಿದೆ. ಅವರು ಸಹಿ ಹಾಕಿ ಕಾಗದ ಕೊಟ್ಟರು.

"ಸಾರ್, ಬಿಡುವು ಮಾಡ್ಕೊಂಡು ಒಂದ್ಸಲ ಹಲ್ಲು ತೋರಿಸ್ಕೊಳ್ಳಿ," ಎಂದೆ. ಅವರು ಕೆನ್ನೆ ಮುಟ್ಟಿಕೊಂಡು ಕೂತೇ ಇದ್ದರು.

ಹೊರಗಿನ ಬೆಂಚಿನಿಂದ ಯಜಮಾನರು ಓಡಿ ಬಂದರು. "ಏನಾಯ್ತು? ಹೇಳೇ!"

"ಮೊದಲು ಬಾಯಿ."

"ಇಲ್ಲೇನಾ? ಎಲ್ಲರೂ ನೋಡ್ತಿದಾರೆ."

"ನೋಡಲಿ."

ಪರೀಕ್ಷೆಗೆ ಬಂದವರೆಲ್ಲರ ಎದುರು ಅವರು ಬಾಯಿ ತೆಗೆದು ನಿಂತರು. ಬ್ಯಾಗಿನಿಂದ ಪುಟ್ಟ ಕನ್ನಡಿ, ಟಾರ್ಚು ತೆಗೆದು ಇಣುಕಿದೆ. ಬಲಗಡೆ, ಕೆಳಗೆ. ಬಿರುಕು ಮೊದಲಿದ್ದಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಮುಂದೆ ಹೋಗಿರಲಿಲ್ಲ.

"ಪಾಸು," ಎಂದೆ.

"ಯಾರು, ನೀನಾ?"

"ನಿಮ್ಮ ಹಲ್ಲು," ಎನ್ನುತ್ತ ಕಾಗದವನ್ನು ಅವರ ಕೈಗಿತ್ತೆ. "ನಾನೂ."

ಅವರು ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ನಕ್ಕರು. ಕೆಳಗಿನ ಸಾಲೂ ಕಾಣುವ ಹಾಗೆ ನಕ್ಕರು.