ಬಡಗಣ ಇಳಿಜಾರಿನ ಮೊದಲ ಓಟ

ಶೆಮ್‌ಶಕ್ ಎಂಬ ಇರಾನಿನ ಬೆಟ್ಟದೂರಿನಲ್ಲಿ ಆ ವರ್ಷ ಹಿಮ ಬೇಗ ಬಿತ್ತು. ಬಿದ್ದದ್ದು ಮೊಣಕಾಲುದ್ದ, ಆಮೇಲೆ ವಾರಗಟ್ಟಲೆ ಬರೀ ಒಣ ಚಳಿ. ಮೊನ್ನೆಯಿಂದ ಮತ್ತೆ ಸುರಿದು, ಗಾಳಿ ಅದನ್ನೆಲ್ಲ ಬಡಗಣ ಇಳಿಜಾರಿಗೆ ತಂದು ಪೇರಿಸಿತ್ತು. ನೋಡುವವರ ಕಣ್ಣಿಗೆ ಹಾಸಿಗೆ ಹಾಸಿಟ್ಟ ಹಾಗೆ.

ಆ ಇಳಿಜಾರಿನಲ್ಲಿ ಈ ಸಲದ ಮೊದಲ ಸ್ಕೀ ಓಟ ಸಾನಾಜಳದು ಎಂದು ತೆಹ್ರಾನಿನಿಂದ ಬಂದ ಕೋಚ್ ಕೂರೋಶ್ ಹೇಳಿದಾಗ, ಅವಳ ಅಕ್ಕ ಫರಂಗೀಸಳಿಗೆ ಬಾಯಲ್ಲಿದ್ದ ಚಹಾ ಕಹಿಯಾಯಿತು. ತಂಗಿಗೆ ಸ್ಕೀ ಕಟ್ಟಲು ಕಲಿಸಿದವಳೇ ಅವಳು. ಹೋದ ವರ್ಷದವರೆಗೂ ಕೂರೋಶನ ಕ್ಯಾಮೆರಾ ಓಡುತ್ತಿದ್ದದ್ದು ಅವಳ ಹಿಂದೆ. ಈಗ ಅಮ್ಮ ಕೂಡ ಕೆನೆಯನ್ನು ಮೊದಲು ಸಾನಾಜಳ ರೊಟ್ಟಿಗೇ ಸವರುತ್ತಿದ್ದಳು.

ಬೆಳಿಗ್ಗೆ ಮೂವರೂ ನೆತ್ತಿಗೆ ಹತ್ತಿದರು. ಕೂರೋಶ್ ಕ್ಯಾಮೆರಾ ಹೊಂದಿಸುತ್ತಿರುವಾಗ ಫರಂಗೀಸ್ ಅಂಚಿನಲ್ಲಿ ಸಲಿಕೆಯಿಂದ ಒಂದು ಗುಂಡಿ ತೋಡಿದಳು. ಮೇಲೆ ಗಾಳಿ ಒತ್ತಿದ ಹೊಸ ಹಿಮ, ಹಲಗೆಯಷ್ಟು ಗಟ್ಟಿ. ಅಡಿಯಲ್ಲಿ ಹಳೆಯ ಹಿಮ ಚಳಿಗೆ ಹರಳುಗಟ್ಟಿ, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯಿತು.

ಸದ್ಯ, ತಂಗಿ ಇಳಿಯುವ ಹಾಗಿಲ್ಲ ಎಂದು ಮೊದಲು ಅವಳಿಗೆ ಖುಷಿಯೇ ಆಯಿತು. ಮರುಗಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಳೀಬೇಡ ಕಣೇ. ಅಡೀಲಿ ಹಿಮಕ್ಕೆ ಹಿಡಿತಾನೇ ಇಲ್ಲ, ಮೇಲಿಂದೆಲ್ಲ ಕಿತ್ಕೊಂಡು ಬರತ್ತೆ."

ಸಾನಾಜ್ ನಕ್ಕಳು. "ನೀನು ಅಡ್ಡಗಾಲು ಹಾಕ್ತೀಯ ಅಂತ ಗೊತ್ತಿತ್ತು ಅಕ್ಕ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

"ಬೆಳಗಿನ ಒಳ್ಳೇ ಬೆಳಕು ಹೋಗ್ತಿದೆ ಫರಂಗೀಸ್ ಖಾನುಂ," ಎಂದ ಕೂರೋಶ್. "ನಿಮ್ಮ ಪಾಠ ಆಮೇಲಿಟ್ಕೊಳ್ಳಿ."

ಫರಂಗೀಸಳ ಮುಖ ಕೆಂಪಾಯಿತು. "ಹೌದು, ಹೊಟ್ಟೆಕಿಚ್ಚೇ! ಇವಳು ಬೀಳ್ಲಿ, ಕಾಲು ಉಳುಕ್ಲಿ ಅಂತ ಎಷ್ಟು ಸಲ ಅಂದ್ಕೊಂಡಿದೀನೋ. ಸಾಯ್ಲಿ ಅಂತ ಅಂದ್ಕೊಂಡಿಲ್ಲ. ನನ್ನ ಮಾತು ನಂಬಬೇಡ ಸಾನಾಜ್. ಬಾ, ನೀನೇ ಕೈ ಹಾಕಿ ನೋಡು."

ಸಾನಾಜಳ ನಗು ನಿಂತಿತು. ಸ್ಕೀ ಬಿಚ್ಚಿ ಬಂದು, ಮಂಡಿಯೂರಿ ಗುಂಡಿಗೆ ಕೈ ಹಾಕಿದಳು. ಅವಳ ಭಾರಕ್ಕೆ ಆಳದಲ್ಲೆಲ್ಲೋ ಧೊಪ್ಪೆಂದು ಸದ್ದಾಯಿತು. ಫರಂಗೀಸ್ ಅವಳ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. ಕಣ್ಣೆದುರೇ ಹಿಮದಲ್ಲಿ ಬಿರುಕೊಂದು ಹರಿದೋಡಿ, ಇಡೀ ಇಳಿಜಾರು ಕಳಚಿಕೊಂಡು ಕಣಿವೆಗೆ ಧುಮುಕಿತು. ಎದ್ದ ಹಿಮಧೂಳಿನಲ್ಲಿ ಯಾರಿಗೆ ಯಾರೂ ಕಾಣಲಿಲ್ಲ.

ಸಂಜೆಯೊಳಗೆ ಕೂರೋಶನ ವಿಡಿಯೋ ಊರವರ ಫೋನುಗಳಲ್ಲೆಲ್ಲ ಓಡಾಡಿತು. ಅದರಲ್ಲಿ ಗುಂಡಿಗೆ ಕೈ ಹಾಕಿದ ಸಾನಾಜ್ ಇದ್ದಳು. ಫರಂಗೀಸಳದು ಬರೀ ಒಂದು ತೋಳು. ಇಳಿಯುವ ಮೊದಲೇ ಹಿಮ ಮುಟ್ಟಿ ನೋಡಿದಳಲ್ಲ, ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಬುದ್ಧಿ ಎಂದು ಮನೆಗೆ ಬಂದವರೆಲ್ಲ ಸಾನಾಜಳನ್ನೇ ಹೊಗಳಿದರು. ಅಮ್ಮ ದೃಷ್ಟಿಯಾದೀತೆಂದು ಕೆಂಡಕ್ಕೆ ಎಸ್ಫಂದ್ ಬೀಜ ಹಾಕಿ, ಹೊಗೆಯನ್ನು ಚಿಕ್ಕವಳ ತಲೆಗೇ ಸುಳಿಸಿದಳು.

"ಅಕ್ಕನೇ ತಡೆದಿದ್ದು ಅಂತ ಎಲ್ಲರಿಗೂ ಹೇಳ್ದೆ. ಯಾರೂ ಕಿವಿಗೇ ಹಾಕ್ಕೊಳ್ತಿಲ್ಲ," ಎಂದಳು ಸಾನಾಜ್.

"ಹೇಳಿದ್ಯಲ್ಲ, ಬಿಡು."

ಫರಂಗೀಸಳ ಒಳಗಿನ ಉರಿ ಬೆಳಗಿಗಿಂತ ಜೋರಾಗಿತ್ತು. ಸಾನಾಜ್ ಅಕ್ಕನ ತೋಳಿನ ಮೇಲೆ ಕೈಯಿಟ್ಟಳು. ಫರಂಗೀಸ್ ಮುಖ ಆ ಕಡೆ ತಿರುಗಿಸಿಕೊಂಡೇ ಅದನ್ನು ತನ್ನ ಕೈಯೊಳಗೆ ಹಿಡಿದಿಟ್ಟುಕೊಂಡಳು.