ಒಣಗಿದ ಮೇಲಿನ ಬಣ್ಣ

ಬಿ.ಕಾಂ. ಮುಗಿಸಿದ ಪ್ರಮಿತಾ ಕೆಲಸಕ್ಕಾಗಿ ತಿರುಗದ ಆಫೀಸಿರಲಿಲ್ಲ. ವಾಡಿಯಲ್ಲಿ ಅನುಭವ ಕೇಳಿದರು. ಸೇಡಂನಲ್ಲಿ ‘ತಿಳಿಸ್ತೀವ್ರಿ’ ಅಂದರು. ಚಿತ್ತಾಪುರದಲ್ಲಿ ಅರ್ಜಿ ತೆಗೆದುಕೊಂಡವನು ಅದನ್ನೇ ಮಡಚಿ ಗಾಳಿ ಬೀಸಿಕೊಂಡ. ಕೊನೆಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ ಮಡಿವಾಳಯ್ಯ, “ಮೂರು ತಿಂಗಳು ಪಗಾರಿಲ್ದ ಇಂಟರ್ನ್‌ಶಿಪ್ ಮಾಡವಾ. ಕೆಲಸ ಛಲೋ ಇದ್ರ ಮುಂದ ನೋಡೂಣು” ಅಂದರು.

ಕಲ್ಲಿನ ಫೋಟೋ ತೆಗೆದು ಗಿರಾಕಿಗಳ ಫೋನಿಗೆ ಕಳಿಸುವುದು ಅವಳ ಕೆಲಸ. ಧೂಳು ಕೂತ ಕಲ್ಲು ಫೋಟೋದಲ್ಲಿ ಬೂದಿಯಂತೆ ಕಾಣುತ್ತಿತ್ತು. ಒಂದು ಬಕೆಟ್ ನೀರು ಸುರಿದಳು ನೋಡಿ, ಹೊಸ ಇಳಕಲ್ ಸೀರೆಯಂತೆ ಗಾಢ ನೀಲಿಯಾಯಿತು. ಅದನ್ನೇ ಕಳಿಸಿದಳು.

ಮೂರನೆಯ ತಿಂಗಳ ಕೊನೆಯ ವಾರ ಕೊಡ್ಲಿ ಊರಿನಿಂದ ಅಂಬಾರಾಯ, ಹೆಂಡತಿ ಮಾಳಮ್ಮನ ಜೊತೆ ಅಂಗಳಕ್ಕೆ ಕಲ್ಲು ಒಯ್ಯಲು ಟ್ರ್ಯಾಕ್ಟರ್ ತಂದ. ಪ್ರಮಿತಾ ಕಳಿಸಿದ್ದ ಫೋಟೋ ತೆರೆದು ಫೋನನ್ನು ಕಲ್ಲಿನ ಪಕ್ಕ ಹಿಡಿದ.

“ಎಲ್ಲಿ ಅದ ತಂಗಿ, ಈ ನೀಲಿ ಕಲ್ಲ?”

“ಇದರದೇ ಫೋಟೋರಿ ಅದು.”

“ಇದರದಾ? ಫೋನದಾಗ ಹುಡುಗಿನ್ನ ತೋರ್ಸಿ, ಮಂಟಪದಾಗ ಅಕಿ ಅಜ್ಜಿನ್ನ ಕುಂದ್ರಿಸಿದಂಗಾತಲ್ಲ!”

ಕಲ್ಲು ಹೇರುವ ಹಮಾಲರು ಗೊಳ್ಳೆಂದರು. ಮಡಿವಾಳಯ್ಯ ಪ್ರಮಿತಾಳ ಕಿವಿಯ ಹತ್ತಿರ ಬಂದು, “ಈ ಗಿರಾಕಿ ವಾಪಸ್ ಹೊಂಟ್ರ, ನೀನೂ ಅದೇ ಟ್ರ್ಯಾಕ್ಟರ್ ಹತ್ತವಾ” ಅಂದರು.

ಫೋನಿನ ಕ್ಯಾಮೆರಾದ ದೋಷ ಎಂದುಬಿಡಬಹುದಿತ್ತು. ಪ್ರಮಿತಾಳ ಬಾಯಿಗೆ ಅದು ಬರಲಿಲ್ಲ.

“ತಪ್ಪಾತ್ರಿ ಕಾಕಾ. ನೀರು ಹಾಕಿ ಫೋಟೋ ತಗದಿದ್ದೆ.” ಓಡಿ ಹೋಗಿ ಬಕೆಟ್ ತಂದು ಸುರಿದಳು. ಕಲ್ಲು ನೀಲಿಯಾಯಿತು.

“ಒಣಗಿದ ಮ್ಯಾಲ?”

“ಮತ್ತ ಹಿಂದಿನಂಗೇ ಆಗ್ತದ್ರಿ.”

ಅಂಬಾರಾಯ ಟ್ರ್ಯಾಕ್ಟರ್ ಕಡೆ ತಿರುಗಿದ. ಮಾಳಮ್ಮ ಮಾತ್ರ ಚಪ್ಪಲಿ ಬಿಟ್ಟು ಹಸಿ ಕಲ್ಲಿನ ಮೇಲೆ ನಿಂತಿದ್ದಳು.

“ಏನ್ರಿ, ನಮ್ಮ ಅಂಗಳಕ್ಕ ದಿನಾ ಮುಂಜಾನಿ ನೀರು ಹೊಡಿಯೋರು ಯಾರು?”

“ನೀನೇ.”

“ಆವಾಗ ನೀಲಿ ಬಣ್ಣ ನೋಡೋರು ಯಾರು?”

ಅಂಬಾರಾಯ ಮೀಸೆ ತುರಿಸಿಕೊಂಡ. “...ನೀನೇ.”

“ನೀವು ಹಾಸಿಗಿ ಬಿಟ್ಟು ಹೊರಗ ಬರೂದ್ರಾಗ ಅದು ಒಣಗಿರ್ತದ. ನಿಮಗ ಬೂದಿ ಬಣ್ಣಾನೇ ಸಾಕು. ತಂಗೀ, ಹೇರಸವಾ ಕಲ್ಲ!”

ಈ ಸಲ ಹಮಾಲರ ನಗೆಯಲ್ಲಿ ಅಂಬಾರಾಯನ ನಗೆಯೂ ಸೇರಿತು.

ಟ್ರ್ಯಾಕ್ಟರ್ ಗೇಟು ದಾಟಿದ ಮೇಲೆ ಮಡಿವಾಳಯ್ಯ ಗಂಟಲು ಸರಿ ಮಾಡಿಕೊಂಡರು. “ಇನ್ನ ಮ್ಯಾಲ ಎರಡೂ ಫೋಟೋ ಕಳ್ಸು, ಹಸೀದು, ಒಣಗಿದ್ದು. ಒಂದನೇ ತಾರೀಖಿಂದ ಪಗಾರ ಚಾಲೂ.”

ಪ್ರಮಿತಾ ಕಲ್ಲಿನ ರಾಶಿಯ ಹಿಂದೆ ಹೋಗಿ ತಾಯಿ ಶಾರದಾಬಾಯಿಗೆ ಫೋನು ಹಚ್ಚಿದಳು.

“ಅಮ್ಮಾ, ನನಗ ನೌಕರಿ ಆತು!”

ಆ ಕಡೆಯಿಂದ ತಾಯಿಯ ಪಿಸುಮಾತು: “ಸಾವಕಾಶ ಮಾತಾಡ! ಅಂದ್ರ ಇಷ್ಟು ದಿನ ಆಗಿದ್ದಿಲ್ಲೇನು? ನಾ ಮೊದಲನೇ ದಿನಾನೇ ಓಣಿ ತುಂಬ ಪೇಢೆ ಹಂಚೀನಲ್ಲ! ಈಗ ಮತ್ತ ಏನಂತ ಹಂಚಲಿ?”

ಪ್ರಮಿತಾ ನಕ್ಕಳು.

“ಪ್ರಮೋಷನ್ ಆತು ಅಂತ ಹೇಳು.”