ಮೂರನೇ ಬೆಂಚಿನ ಕೈ

ಬಿ.ಎಡ್ ಸೇರಿದ ಮೇಲೆ ಬಿಂದುಶ್ರೀ ತುಂಬ ಇಷ್ಟಪಟ್ಟು ಕಲಿತದ್ದು ಸ್ಲೈಡ್ ಮಾಡುವುದನ್ನು. ಕುಣಿಗಲ್ ಕಡೆಯ ಹಳ್ಳಿಶಾಲೆಯಲ್ಲಿ ಅವಳು ವಿಜ್ಞಾನ ಓದಿದ್ದು ಬಣ್ಣ ಮಾಸಿದ ಚಾರ್ಟು ನೋಡಿಕೊಂಡು. ತುಮಕೂರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ತಾನೇ ಮಾಡಿದ ಹೃದಯ ಪರದೆಯ ಮೇಲೆ ಮಿಡಿಯತೊಡಗಿದಾಗ, ಊಟದ ಗಂಟೆ ಹೊಡೆದರೂ ಏಳದೆ ಅದನ್ನೇ ನೋಡುತ್ತ ಕುಳಿತಿದ್ದಳು.

ಪಾಠ ಹೇಳುವ ಅಭ್ಯಾಸಕ್ಕೆ ಅವಳನ್ನು ಗುಬ್ಬಿ ಹತ್ತಿರದ ಒಂದು ಪ್ರೌಢಶಾಲೆಗೆ ಹಾಕಿದ್ದರು. ಹತ್ತನೇ ತರಗತಿಯ ಮಕ್ಕಳು ಅವಳ ಹೃದಯವನ್ನು ಕಣ್ಣು ಮಿಟುಕಿಸದೆ ನೋಡಿದರು. ರಕ್ತ ಕೆಂಪು ಗೆರೆಯಾಗಿ ಹೊರಟು, ಮೈಯೆಲ್ಲ ಸುತ್ತಿ, ನೀಲಿ ಗೆರೆಯಾಗಿ ವಾಪಸು ಬರುತ್ತಿತ್ತು. "ಅರ್ಥ ಆಯ್ತಾ?" ಎಂದರೆ "ಆಯ್ತು ಮಿಸ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಅವಳ ಜೊತೆ ಅಭ್ಯಾಸಕ್ಕೆ ಬಂದಿದ್ದ ಸಹಪಾಠಿ ಮಲ್ಲಿಕಾರ್ಜುನ್, ಅವಳೂ ಮಕ್ಕಳೂ ಕಾಣುವಂತೆ ಅವಳ ಫೋನನ್ನು ಮುಂದಿನ ಕಿಟಕಿಯಲ್ಲಿಟ್ಟು ಪಾಠವನ್ನೆಲ್ಲ ರೆಕಾರ್ಡ್ ಮಾಡಿದ. ಪ್ರತಿಯೊಬ್ಬರೂ ತಮ್ಮ ಪಾಠವನ್ನು ತಾವೇ ನೋಡಿ, ಕಂಡದ್ದನ್ನು ಬರೆದು ವಿಡಿಯೋ ಸಮೇತ ಒಪ್ಪಿಸಬೇಕೆಂದು ಕಾಲೇಜಿನ ರೇಣುಕಾಪ್ರಸಾದ್ ಸರ್ ಹೇಳಿದ್ದರು.

ವಾಪಸು ಬರುವ ಬಸ್ಸಿನಲ್ಲೇ ಬಿಂದುಶ್ರೀ ಇಯರ್‌ಫೋನ್ ಹಾಕಿಕೊಂಡು ವಿಡಿಯೋ ತೆರೆದಳು. ಮೊದಮೊದಲು ತನ್ನ ದನಿ ಕೇಳಿ ನಾಚಿಕೆಯಾಯಿತು. ಆಮೇಲೆ ಗೊತ್ತಾಯಿತು, ತಾನು ಮಾತನಾಡಿದ್ದೆಲ್ಲ ಪರದೆಯ ಜೊತೆಗೆ. ಮಕ್ಕಳಿಗೆ ಕಂಡದ್ದು ಬರೀ ಅವಳ ಜಡೆ. ಅವಳ ಬೆನ್ನ ಹಿಂದೆ, ಮೂರನೇ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಸ್ವಲ್ಪ ಹೊತ್ತು ಎತ್ತಿಕೊಂಡೇ ಇದ್ದು ಇಳಿಸಿದಳು. ಸ್ಲೈಡ್ ಬದಲಾದಾಗ ಮತ್ತೆ ಎತ್ತಿದಳು. ಈ ಸಲ ಮೊಣಕೈವರೆಗೆ ಮಾತ್ರ. "ಆಯ್ತು ಮಿಸ್" ಎಂದು ಎಲ್ಲರೂ ಕೂಗಿದಾಗ ಅವಳ ತುಟಿ ಅಲುಗಲಿಲ್ಲ.

ಬಿಂದುಶ್ರೀ ಫೋನನ್ನು ಪಕ್ಕದ ಸೀಟಿನಲ್ಲಿದ್ದ ಮಲ್ಲಿಕಾರ್ಜುನನ ಮುಂದೆ ಹಿಡಿದಳು.

"ಅದೊಂದು ಪೀಸ್ ಕಟ್ ಮಾಡ್ಬುಡು," ಎಂದ ಅವನು. "ನಾನೂ ಮಾಡಿದೀನಿ. ಯಾರ್ ಕೇಳ್ತಾರೆ?"

"ಆ ಹುಡ್ಗಿ ಏನ್ ಕೇಳ್ಬೇಕು ಅಂತಿದ್ಲು ಅಂತ ಗೊತ್ತಾಗ್ಬೇಕಲ್ಲೋ."

"ನಾಳೆ ಕೇಳು. ಅದ್ಕೂ ವಿಡಿಯೋಗೂ ಏನ್ ಸಂಬಂಧ?"

ತುಮಕೂರಿನ ಬಟವಾಡಿಯಲ್ಲಿ ಇಳಿದು ರೂಮಿಗೆ ನಡೆಯುವಾಗ ಅವನ ಮಾತೂ ಸರಿ ಅನ್ನಿಸಿತು. ಕತ್ತರಿಸಲು ಬೆರಳಾಡಿಸಿದರೆ ಸಾಕಿತ್ತು. ಆದರೂ ಕತ್ತರಿಸಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವಳು ಆ ಹುಡುಗಿಯನ್ನು ಹುಡುಕಿದಳು. ಹೆಸರು ಇಂಪನಾ. ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು.

"ನಿನ್ನೆ ಕೈ ಎತ್ತಿದ್ದೆ. ನಾನು ನೋಡ್ಲಿಲ್ಲ. ವಿಡಿಯೋದಲ್ಲಿ ಕಾಣ್ತು. ಏನ್ ಕೇಳ್ಬೇಕಂತಿದ್ದೆ?"

ಇಂಪನಾ ತಟ್ಟೆಯ ನೀರು ಕೊಡವಿದಳು. "ಏನಿಲ್ಲ ಮಿಸ್."

"ಕೇಳು, ಪರ್ವಾಗಿಲ್ಲ."

"ಮಿಸ್, ರಕ್ತ ನಿಜ್ವಾಗ್ಲೂ ನೀಲಿ ಇರುತ್ತಾ?" ಆಮೇಲೆ ದನಿ ತಗ್ಗಿಸಿದಳು. "ನಮ್ ತಾತಂಗೆ ತುಮಕೂರಲ್ಲಿ ಡಯಾಲಿಸಿಸ್ ಮಾಡಿಸ್ತಾರೆ. ಅಮ್ಮನ್ ಜೊತೆ ನಾನೂ ಹೋಗ್ತೀನಿ. ಮೈಯಿಂದ ಬರೋ ಪೈಪಲ್ಲೂ ಕೆಂಪು, ಒಳಕ್ ಹೋಗೋ ಪೈಪಲ್ಲೂ ಕೆಂಪು. ನೀಲಿ ಇಲ್ವೇ ಇಲ್ಲ. ತಾತನ್ ರಕ್ತ ಕೆಟ್ಟೋಗಿರೋದಕ್ಕೆ ಹಂಗಾ ಅಂತ..."

ನೀಲಿ ಬಣ್ಣ ಬರೀ ಗುರುತಿಗೆ ಹಾಕುವುದು ಎಂದು ಬಿಂದುಶ್ರೀಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಬೇಕು ಅನ್ನಿಸಿರಲಿಲ್ಲ. ಆ ಚಂದದ ನೀಲಿಯನ್ನು ಹೊತ್ತುಕೊಂಡು ಈ ಹುಡುಗಿ ರಾತ್ರಿಯೆಲ್ಲ ತಾತನ ಬಗ್ಗೆ ಹೆದರಿದ್ದಳು.

"ಇಲ್ಲ ಪುಟ್ಟಿ, ಯಾರ ರಕ್ತವೂ ನೀಲಿ ಇರಲ್ಲ. ನಿಂದು, ನಂದು, ತಾತಂದು, ಎಲ್ಲಾ ಕೆಂಪೇ. ವಾಪಸ್ ಬರೋದು ಸ್ವಲ್ಪ ಕಡುಗೆಂಪು, ಅಷ್ಟೇ. ನೀಲಿ ನಾನು ಗುರುತಿಗೆ ಹಾಕಿದ್ದು. ಹೇಳ್ಬೇಕಾಗಿತ್ತು." ಆಮೇಲೆ ಕೇಳಿದಳು, "ಕ್ಲಾಸಲ್ಲಿ ಇದನ್ನ ನೀನೇ ಹೇಳ್ತೀಯಾ?"

"ನೀವೇ ಹೇಳಿ ಮಿಸ್. ತಾತನ್ ವಿಷ್ಯ ಬ್ಯಾಡ."

ಮಧ್ಯಾಹ್ನದ ತರಗತಿಯಲ್ಲಿ ಬಿಂದುಶ್ರೀ ಮೊದಲು ಒಂದು ಪ್ರಶ್ನೆ ಹಾಕಿದಳು: ಮೈಯೆಲ್ಲ ಸುತ್ತಿ ಹೃದಯಕ್ಕೆ ಮರಳುವ ರಕ್ತದ ಬಣ್ಣ ಯಾವುದು? "ನೀಲಿ ಮಿಸ್" ಎಂದು ಇಡೀ ತರಗತಿ ಹುರುಪಿನಿಂದ ಕೂಗಿತು. ಅವಳು ಲ್ಯಾಪ್‌ಟಾಪಿನಲ್ಲಿ, ಮಕ್ಕಳ ಕಣ್ಣೆದುರೇ, ನೀಲಿ ಗೆರೆಯನ್ನು ಕಡುಗೆಂಪು ಮಾಡಿದಳು. ಯಾಕೆ ಎಂದು ವಿವರಿಸಿದಳು. ಆಮೇಲೆ ಪರದೆಯ ಪಕ್ಕ ಬಿಟ್ಟು ಬೆಂಚುಗಳ ನಡುವೆ ಬಂದು ನಿಂತಳು. ಅಲ್ಲಿಂದ ಮುಖಗಳು ಕಾಣುತ್ತಿದ್ದವು. "ಅರ್ಥ ಆಯ್ತಾ" ಎಂದು ಕೇಳುವ ಬದಲು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳಿ ಎಂದಳು. ಪಾಠ ಮುಗಿಯಲೇ ಇಲ್ಲ. ಅರ್ಧಕ್ಕೇ ಗಂಟೆ ಹೊಡೆಯಿತು.

ವಾರದ ಕೊನೆಗೆ ರೇಣುಕಾಪ್ರಸಾದ್ ಸರ್ ಅವಳ ವಿಡಿಯೋವನ್ನು ಪೂರ್ತಿ ನೋಡಿದರು.

"ಏನಮ್ಮ, ಬಹಳ ಹೊತ್ತು ಸ್ಕ್ರೀನ್ ಕಡೆ ತಿರುಗಿದೀಯ. ಇದಕ್ಕೆ ಮಾರ್ಕ್ಸ್ ಹೋಗುತ್ತೆ. ಕಟ್ ಮಾಡೋಕೆ ಬರಲ್ವಾ ನಿಂಗೆ?"

"ಬರುತ್ತೆ ಸರ್. ಕಟ್ ಮಾಡಿದ್ರೆ ಮೂರನೇ ಬೆಂಚಲ್ಲಿ ಕೈ ಎತ್ತಿರೋ ಹುಡುಗಿ ಹೋಗ್ಬಿಡ್ತಾಳೆ."

ಸರ್ ವಿಡಿಯೋವನ್ನು ಹಿಂದಕ್ಕೆ ಎಳೆದು ಮೂರನೇ ಬೆಂಚನ್ನು ನೋಡಿದರು. "ಏನ್ ಕೇಳ್ಬೇಕಂತಿದ್ಲಂತೆ?"

"ರಕ್ತದ ಬಣ್ಣ ಸರ್," ಎಂದಳು ಬಿಂದುಶ್ರೀ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮಾರ್ಕ್ಸ್ ಹೋಗೇ ಹೋಯಿತು. ಮಲ್ಲಿಕಾರ್ಜುನನಿಗೆ ಅವಳಿಗಿಂತ ಜಾಸ್ತಿ ಬಂತು. ಅವನು ಕ್ಯಾಂಟೀನಿನಲ್ಲಿ ದೋಸೆ ಕೊಡಿಸಿದ. ತಿನ್ನುತ್ತ ತಿನ್ನುತ್ತ ಫೋನು ತೆಗೆದು, ತನ್ನ ಪಾಠದ ವಿಡಿಯೋದಿಂದ ಕತ್ತರಿಸಿಟ್ಟಿದ್ದ ತುಣುಕನ್ನು ಅವಳ ಮುಂದಿಟ್ಟ.

"ಇದ್ನ ನೋಡು ಒಂದ್ಸಲ," ಎಂದ. "ಕೊನೇ ಬೆಂಚಲ್ಲಿ ಒಬ್ಬ ಏನೋ ಹೇಳ್ತಾವ್ನೆ. ನಂಗ್ ಕೇಳ್ಸ್ತಿಲ್ಲ."

ಇಬ್ಬರೂ ಒಂದೊಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು ಬಾಗಿದರು.